ನೆಲ ಮುಟ್ಟದ ಗೆರೆ

ಅಪ್ಪನ ಮಂಚದ ಪಕ್ಕದ ಗೋಡೆಯ ಮೇಲೆ ಓರೆಯಾಗಿ ಒಂದು ನೆರಳು ಬಿದ್ದಿತ್ತು, ಬಿಗಿದು ಕಟ್ಟಿದ ಹಗ್ಗದ ನೆರಳಿನ ಹಾಗೆ. ಕೋಣೆಯಲ್ಲಿ ಹಗ್ಗವಿರಲಿಲ್ಲ. ಬಿಸಿಲು ಸರಿದರೂ ಅದು ಸರಿಯಲಿಲ್ಲ.

ಅಪ್ಪ ಗಾರೆ ಕೆಲಸದವನು. ಕೆಲಸದಲ್ಲಿ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದ. ಮಗಳು ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು.

ಮೊದಲ ದಿನ ನೆರಳಿನ ಮೇಲ್ತುದಿ ಮೂಲೆಯಲ್ಲಿ ಎಂಟು ಅಡಿ ಎತ್ತರಕ್ಕಿತ್ತು. ಕೆಳತುದಿ ಮೂಲೆಯಿಂದ ಹನ್ನೆರಡು ಅಡಿಗೆ ನೆಲ ಮುಟ್ಟಿತ್ತು. ಅಲ್ಲಿ ಗೋಣಿಚೀಲದ ಮೇಲೆ ಮಲಗಿದ್ದ ಬೆಕ್ಕು ಮತ್ತೆ ಏಳಲೇ ಇಲ್ಲ. ಮರುದಿನ ನೆರಳು ಅದೇ ಓರೆಯಲ್ಲಿ ಇಳಿದು, ಕೆಳತುದಿ ಒಂಬತ್ತು ಅಡಿಗೆ ಬಂತು. ಅಲ್ಲಿದ್ದ ಡಬ್ಬದ ಗಿಡ ಸಂಜೆಯೊಳಗೆ ಕರಕಾಯಿತು.

ಮಗಳು ಮೂಲೆಯ ಬುಡವನ್ನು ಸೊನ್ನೆ ಮಾಡಿಕೊಂಡಳು. ನೆಲ ಎಕ್ಸ್ ಅಕ್ಷ, ಮೂಲೆಯ ಅಂಚು ವೈ ಅಕ್ಷ. ಎರಡು ಎಕ್ಸ್‌ಗೆ ಮೂರು ವೈ ಕೂಡಿಸಿದರೆ ಮೊನ್ನೆ ಇಪ್ಪತ್ತನಾಲ್ಕು, ನಿನ್ನೆ ಹದಿನೆಂಟು. ಹಾಗಾದರೆ ಇವತ್ತು ಹನ್ನೆರಡು. ನೆಲದ ಮೇಲೆ ವೈ ಸೊನ್ನೆ, ಎಕ್ಸ್ ಆರು. ಆರನೇ ಅಡಿಯಲ್ಲಿ ಅಪ್ಪನ ದಿಂಬಿತ್ತು.

ಮಂಚವನ್ನು ಒಂದಡಿ ಎಳೆದಳು. ಅಷ್ಟೊತ್ತಿಗಾಗಲೇ ಇಳಿಯತೊಡಗಿದ್ದ ನೆರಳು ನೋಡನೋಡುತ್ತಲೇ ಅತ್ತಲೇ ತಿರುಗಿತು.

"ಏನ್ ಟೀಚರಮ್ಮಾ, ಲೆಕ್ಕ ತಾಳೆ ಬೀಳ್ಲಿಲ್ವಾ?" ಎಂದ ಅಪ್ಪ.

"ಬಿತ್ತಪ್ಪಾ. ಅದೇ ತಾಪತ್ರಯ."

ನೆರಳು ತನ್ನತ್ತಲೇ ಬರುತ್ತಿದೆಯೆಂದು ಅಪ್ಪನಿಗೂ ಗೊತ್ತಾಗಿತ್ತು. ನೆಲ ಮುಟ್ಟದೇ ಇರೋ ಗೆರೆ ಅಂತ ಒಂದೂ ಇಲ್ಲವೇ ಎಂದು ಮೆಲ್ಲಗೆ ಕೇಳಿದ. ನೆಲಕ್ಕೆ ಸಮಾಂತರವಾಗಿದ್ದರೆ ಎಷ್ಟು ದೂರ ಎಳೆದರೂ ಮುಟ್ಟುವುದಿಲ್ಲ ಎಂದಳು. ಹಾಗಾದರೆ ನೂಲು ಕಟ್ಟು, ಮಟ್ಟ ನಾನು ನೋಡಿ ಹೇಳ್ತೀನಿ ಎಂದ.

ಒಂದು ತುದಿಯನ್ನು ಬಾಗಿಲ ಬಳಿಯ ಮೊಳೆಗೆ ಕಟ್ಟಿ, ಇನ್ನೊಂದನ್ನು ಮೂಲೆಗೆ ಬೆರಳಿನಿಂದ ಒತ್ತಿ ಹಿಡಿದಳು. "ಚೂರು ಮೇಲೆ, ಚೂರು ಮೇಲೆ, ಹಾಂ ಸಾಕು" ಎಂದ ಅಪ್ಪ. ದಿಂಬಿನ ಹತ್ತಿರ ಬಂದಿದ್ದ ನೆರಳು ನಿಂತಿತು, ತಡವರಿಸಿತು, ಮೇಲೆದ್ದು ನೂಲಿನ ಗುಂಟ ಮಲಗಿತು.

"ಆ ತುದಿ ಎಲ್ಲಿ ಮುಟ್ಟತ್ತೆ ಮಗಳೇ?"

"ಮೂಲೆಗೆ."

"ಅಲ್ಲೇನಿದೆ?"

"ಏನೂ ಇಲ್ಲಪ್ಪಾ. ಬರೀ ಗೋಡೆ."

ಒಂದು ಅಕ್ಷವನ್ನು ತಪ್ಪಿಸಿಕೊಂಡ ಗೆರೆ ಇನ್ನೊಂದನ್ನು ದಾಟಲೇಬೇಕು. ಅದನ್ನು ಅವಳು ಹೇಳಲಿಲ್ಲ. ಮೂಲೆಗೆ ಮೊಳೆ ಹೊಡೆದು ನೂಲು ಸುತ್ತಿ ಬೆರಳು ತೆಗೆದಳು. ನೂಲು ಮಟ್ಟವಾಗಿಯೇ ಇತ್ತು. ನೆರಳು ಮಾತ್ರ ವಾಲಿ, ಕೆಳತುದಿ ದಿಂಬಿನತ್ತ ಜಾರತೊಡಗಿತು. ಥಟ್ಟನೆ ಬೆರಳನ್ನು ಮತ್ತೆ ಅಲ್ಲಿಯೇ ಒತ್ತಿದಳು. ನೆರಳು ಮಟ್ಟವಾಯಿತು.

ಅಪ್ಪನಿಗೆ ಗೆಲುವಾಯಿತು. ಬಾಯಿಪಾಠವಿದ್ದ ಪದ್ಯವೊಂದನ್ನು ರಾಗವಾಗಿ ಗುನುಗತೊಡಗಿದ. ನಡುವೆ ನಿಲ್ಲಿಸಿ, "ಎಷ್ಟೊತ್ತು ನಿಂತಿರ್ತೀಯೇ, ಬಾ ಕೂತ್ಕೋ" ಎಂದ.

"ನೀನು ಹೇಳಪ್ಪಾ, ಕೇಳ್ತಿದೀನಿ" ಎಂದಳು ಮಗಳು.

ಬೆರಳಿನ ತುದಿ ಆಗಲೇ ಮರಗಟ್ಟಿತ್ತು. ಚಳಿ ಮೊಣಕೈ ದಾಟಿ ಹೆಗಲ ಕಡೆಗೆ ಒಂದೇ ಸಮನೆ ಬರುತ್ತಿತ್ತು.