ತೊಗರಿ ಹೊಲದೊಳಗಿನ ಮೂರು ಕೂಗು

ಮೊಬೈಲಿನ ಜಗಳವಿಲ್ಲದ ಒಂದೇ ಒಂದು ಮನೆಯನ್ನು ನಮ್ಮ ಅತನೂರಿನಲ್ಲಿ ತೋರಿಸಿ, ನಿಮಗೆ ಹೋಳಿಗೆ ಊಟ ಹಾಕಿಸುತ್ತೇನೆ. ಓದು ಬಿಟ್ಟು ಮೊಬೈಲ್ ಹಿಡಿದಳು ಎಂದು ಒಂದು ಮನೆಯಲ್ಲಿ ಬೈಗುಳ, ಒಲೆಯ ಮೇಲಿನ ಹಾಲು ಉಕ್ಕಿಸಿದಳು ಎಂದು ಇನ್ನೊಂದು ಮನೆಯಲ್ಲಿ. ದೇವಿಂದ್ರಪ್ಪ ಮುತ್ಯಾನ ಮನೆಯ ಜಗಳ ಮಾತ್ರ ಬೇರೆ. ಅವರ ಮೊಮ್ಮಗಳು ಸಪ್ನಾ ಮೊಬೈಲಿನಲ್ಲಿ ಒತ್ತಿದರೆ ಅವಳ ಮೈಯೊಳಗೆ ಔಷಧ ಹೋಗುತ್ತಿತ್ತು.

ನಾನು ಗೌರಾಬಾಯಿ, ಇಲ್ಲಿನ ಆಶಾ ಕಾರ್ಯಕರ್ತೆ. ಸಂಘದ ಅಕ್ಕತಂಗಿಯರ ಮುಂದೆ ಈ ಕಥೆ ಹೇಳುವಾಗ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ. ಯಾಕೆಂದು ಮುಂದೆ ನಿಮಗೇ ಗೊತ್ತಾಗುತ್ತದೆ.

ಸಪ್ನಾಳಿಗೆ ಆಗ ಹದಿನೇಳು ವರ್ಷ. ಎಂಟನೇ ವಯಸ್ಸಿಗೇ ಸಕ್ಕರೆ ಕಾಯಿಲೆ ಬಂದಿತ್ತು. ವಯಸ್ಸಾದವರಿಗೆ ಬರುವಂಥದ್ದಲ್ಲ ಇದು. ಅವಳ ಮೈ ಇನ್ಸುಲಿನ್ ತಯಾರಿಸುವುದೇ ಇಲ್ಲ. ಹೊರಗಿನಿಂದ ಕೊಡದಿದ್ದರೆ ಜೀವ ಉಳಿಯುವುದಿಲ್ಲ. ದಿನಕ್ಕೆ ನಾಲ್ಕು ಸಲ ಸೂಜಿ ಚುಚ್ಚಿಸಿಕೊಂಡು ಬೆಳೆದ ಹುಡುಗಿಗೆ ಕಲಬುರಗಿಯ ಡಾಕ್ಟರೊಬ್ಬರು ಒಂದು ಸಂಸ್ಥೆಯ ನೆರವಿನಿಂದ ಇನ್ಸುಲಿನ್ ಪಂಪ್ ಹಾಕಿಸಿದರು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಡಬ್ಬಿ, ಸೊಂಟದಲ್ಲಿರುತ್ತದೆ. ಅದರಿಂದ ಹೊಟ್ಟೆಯ ಚರ್ಮಕ್ಕೆ ಒಂದು ಸಣ್ಣ ನಳಿಗೆ. ತೋಳಿನ ಮೇಲೆ ರೂಪಾಯಿ ಬಿಲ್ಲೆಯಷ್ಟು ಇನ್ನೊಂದು ಯಂತ್ರ. ಅದು ಮೈಯಲ್ಲಿ ಸಕ್ಕರೆ ಎಷ್ಟಿದೆ ಎಂದು ನೋಡಿ ಡಬ್ಬಿಗೂ ಮೊಬೈಲಿಗೂ ತಿಳಿಸುತ್ತದೆ. ಊಟಕ್ಕೆ ಮುಂಚೆ, ಇಷ್ಟು ತಿನ್ನುತ್ತೇನೆ ಎಂದು ಸಪ್ನಾ ಮೊಬೈಲಿನಲ್ಲಿ ಒತ್ತಿದರೆ ಡಬ್ಬಿ ಅದಕ್ಕೆ ತಕ್ಕಷ್ಟು ಇನ್ಸುಲಿನ್ ಬಿಡುತ್ತದೆ.

ಮುತ್ಯಾನಿಗೆ ಇದು ಸುತರಾಂ ಒಪ್ಪಿಗೆಯಿರಲಿಲ್ಲ.

"ಸೂಜಿ ಚುಚ್ಚಿದ್ರ ಕಣ್ಣಿಗಿ ಕಾಣ್ತದ. ಇದಕ್ಕ ತಂತಿಲ್ಲ, ತಾರಿಲ್ಲ. ಗಾಳ್ಯಾಗ ಬಂದು ಹುಡುಗಿ ಮೈಯಾಗ ಹೊಕ್ತದ. ಗಾಳ್ಯಾಗ ಬರೂದಕ್ಕ ನಮ್ಮ ಕಡಿ ಏನಂತಾರ, ಗೊತ್ತದ ಏನ್ ಗೌರಾಬಾಯಿ?"

"ಬ್ಲೂಟೂತ್ ಅಂತಾರ್ರಿ ಮುತ್ಯಾ."

"ಹೆಸರ ಏನರೆ ಇರ್ಲಿ. ನಾ ಪೂಜಿಗಿ ಕುಂತಾಗ ಅದು ಟೀಂವ್ ಅಂತದ. ಯಾರಿಗೋ ಕರದಂಗ ಆಗ್ತದ. ಯಾರಿಗಿ ಕರೀತದ ಅದು?"

"ನಿಮಗೇ ಕರೀತದ್ರಿ. ಸಕ್ರಿ ಕಡಿಮಿ ಆಗ್ಯಾದ, ಬರ್ರಿ ಅಂತ."

ಮುತ್ಯಾ ನಗಲಿಲ್ಲ. ಎಳ್ಳಮಾಸಿಯ ದಿನ, ಅಂದರೆ ಎಳ್ಳು ಅಮಾವಾಸ್ಯೆಗೆ, ಬೆಳೆ ಪೂಜಿಸಲು ಹೊಲಕ್ಕೆ ಹೊರಡುವಾಗ ಮೊಬೈಲಿನ ದನಿಯನ್ನೇ ಬಂದ್ ಮಾಡಿಸಿದರು. ಸಪ್ನಾಳ ತಾಯಿ ಸೀಮಾ ಗ್ಲೂಕೋಸ್ ಪುಡಿಯ ಡಬ್ಬವನ್ನು ಚೀಲಕ್ಕೆ ಹಾಕುತ್ತಿದ್ದಳು. ಅದನ್ನೂ ತಡೆದರು.

"ತಿನ್ನಾಕೇ ಹೊಂಟೀವಿ. ಬುಟ್ಟಿ ತುಂಬ ಊಟ ಅದ, ಈ ಪುಡಿ ಯಾಕವ್ವ?"

ಸೀಮಾ ಡಬ್ಬವನ್ನು ಕಿಟಕಿಯಲ್ಲಿಟ್ಟಳು. ಅವರು ನನ್ನನ್ನೂ ಹೊಲದ ಊಟಕ್ಕೆ ಕರೆದಿದ್ದರು, ನಾನು ಅಲ್ಲೇ ಬಾಗಿಲಲ್ಲಿ ನಿಂತಿದ್ದೆ. ಹಬ್ಬದ ದಿನ ಯಾಕೆ ಮಾತಿಗೆ ಮಾತು ಎಂದು ಸುಮ್ಮನಾದೆ. ಅದು ನನ್ನ ಮೊದಲನೇ ತಪ್ಪು.

ಮುತ್ಯಾನ ಹೊಲದಲ್ಲಿ ಎಡಕ್ಕೆ ಬಿಳಿಜೋಳ, ಬಲಕ್ಕೆ ಆಳೆತ್ತರದ ತೊಗರಿ, ಒಣಗಿ ಕೊಯ್ಲಿಗೆ ಬಂದಿತ್ತು. ಬನ್ನಿ ಗಿಡದ ಕೆಳಗೆ ಐದು ಕಲ್ಲಿಟ್ಟು ಸುಣ್ಣ ಹಚ್ಚಿದ್ದರು, ಪಾಂಡವರ ಪೂಜೆಗೆ. ಹನ್ನೊಂದೂವರೆಯ ಹೊತ್ತಿಗೆ ಸೀಮಾ ಸಜ್ಜಿ ರೊಟ್ಟಿಯ ಗಂಟು ಬಿಚ್ಚಿದಳು. ಊಟದ ಹೊತ್ತಾಯಿತೆಂದು ಸಪ್ನಾ ಮೊಬೈಲ್ ತೆಗೆದು ಒತ್ತಿದಳು. ಹಬ್ಬದ ಊಟವೆಂದರೆ ದೊಡ್ಡ ಊಟ, ಇನ್ಸುಲಿನ್ನೂ ಜಾಸ್ತಿಯೇ ಹೋಯಿತು.

"ಗಂಟು ಕಟ್ಟವ್ವ," ಎಂದರು ಮುತ್ಯಾ. "ನಿನ್ನ ತವರಿನವರು ಹಿರೋಳ್ಳಿಯಿಂದ ಇನ್ನಾ ಬಂದಿಲ್ಲ. ಪೂಜಿ ಆಗ್ಬೇಕು, ಚರಗ ಆಗ್ಬೇಕು. ಅಲ್ಲೀತನ ಯಾರೂ ಬಾಯಾಗ ತುತ್ತ ಇಡಂಗಿಲ್ಲ."

ಹಿರೋಳ್ಳಿಯವರ ಗಾಡಿ ದಾರಿಯಲ್ಲಿ ಕೆಟ್ಟು ನಿಂತಿತ್ತು. ಒಂದು ತಾಸು ಕಾದು, ಅವರನ್ನು ಬಿಟ್ಟೇ ಪೂಜೆ ಮಾಡಿದರು. ಒಳಗೆ ಹೋದ ಇನ್ಸುಲಿನ್ ಮಾತ್ರ ಯಾರಿಗೂ ಕಾಯುವುದಿಲ್ಲ, ಊಟ ಬರದಿದ್ದರೂ ಸಕ್ಕರೆ ಇಳಿಸುತ್ತಲೇ ಹೋಗುತ್ತದೆ. ಅದನ್ನು ಯಾವ ಮೊಬೈಲೂ ವಾಪಸ್ ಕರೆಯಲಾರದು. ಔಷಧ ತೆಗೆದುಕೊಂಡದ್ದನ್ನು ಸಪ್ನಾ ಯಾರಿಗೂ ಹೇಳಲಿಲ್ಲ. ಆ ವರ್ಷ ಚರಗದ ನೀರು ಹಿಡಿಯುವ ಮಾನ ಅವಳಿಗೆ ಬಂದಿತ್ತು. ಮೊದಲ ಸಲ ಇಳಕಲ್ ಸೀರೆ ಉಟ್ಟಿದ್ದಳು. ಸೀರೆಗೆ ಕಿಸೆ ಎಲ್ಲಿಂದ ಬರಬೇಕು? ಮೊಬೈಲನ್ನು ರೊಟ್ಟಿಯ ಗಂಟಿನೊಳಗೆ ತುರುಕಿ, ತಂಬಿಗೆ ಹಿಡಿದು ಹೊರಟಳು.

ಚರಗ ಎಂದರೆ ಭೂತಾಯಿಗೆ ಬಯಕೆಯ ಊಟ. ಮುಂದಿನವರು ಅಡುಗೆ ಚೆಲ್ಲುತ್ತ ಕೂಗು ಹಾಕುತ್ತಾರೆ. ಹಿಂದಿನವರು ನೀರು ಚಿಮುಕಿಸುತ್ತ ಓಗೊಡುತ್ತಾರೆ. ಹೊಲ ಒಂದು ಸುತ್ತು ಮುಗಿಯುವ ತನಕ ಮುಂದಿನವರು ತಿರುಗಿ ನೋಡಬಾರದು ಎಂಬುದು ಮುತ್ಯಾನ ಮನೆತನದ ಕಟ್ಟಳೆ.

ಬನ್ನಿ ಗಿಡದ ಕೆಳಗೆ ನಾನು, ಸೀಮಾ, ಅವಳ ಗಂಡ ಶಂಕರಲಿಂಗ ಕುಳಿತಿದ್ದೆವು. ಸೂರ್ಯ ನೆತ್ತಿಯ ಮೇಲಿದ್ದ. ಮುತ್ಯಾನ ಕೂಗು, ಹಿಂದೆಯೇ ಸಪ್ನಾಳ "ಓ". ಕೂಗು, "ಓ". ಸ್ವಲ್ಪ ಹೊತ್ತಿಗೆ "ಓ" ತಡವಾಗಿ ಬರತೊಡಗಿತು. ಆಮೇಲೆ ಒಂದು ಕೂಗಿಗೆ ಎರಡು ಸಲ "ಓ". ಆಮೇಲೆ ಮುತ್ಯಾ ಕೂಗದಿದ್ದರೂ "ಓ". ಅದೂ ಬದುವಿನ ಕಡೆಯಿಂದಲ್ಲ, ತೊಗರಿಯೊಳಗಿನಿಂದ. ಗಾಳಿ ಒಂದಿಷ್ಟೂ ಇರಲಿಲ್ಲ. ಒಣಗಿದ ತೊಗರಿಕಾಯಿ ಒಂದೇ ಒಂದು ಕಡೆ ಗಿಲಗಿಲ ಎಂದು ಸುಮ್ಮನಾದವು.

ಮುತ್ಯಾ ಸುತ್ತು ಮುಗಿಸಿ ಬಂದು ತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ.

"ಸಪ್ನಾ ಎಲ್ಲಿ ಮಾವ?" ಸೀಮಾ ಎದ್ದು ನಿಂತಳು.

"ನನ್ನ ಹಿಂದೇ ಇದ್ಳಲ್ಲ. ಓ ಅಂತಿದ್ಳು."

"ಓ ಅಂದದ್ದು ತೊಗರ್ಯಾಗಿಂದ ಕೇಳ್ತಪ್ಪ," ಎಂದ ಶಂಕರಲಿಂಗ.

ಆಗಲೇ ತೊಗರಿಯೊಳಗಿನಿಂದ ಇನ್ನೊಂದು ದನಿ ಬಂತು. ಟೀಂವ್, ಟೀಂವ್, ಟೀಂವ್. ಮನೆಯಲ್ಲಿ ಕೇಳುವ ಮೊಬೈಲಿನ ದನಿಗಿಂತ ತೆಳ್ಳಗೆ, ಮನುಷ್ಯರದ್ದಲ್ಲದ ದನಿ. ಶಂಕರಲಿಂಗ ಹೆಜ್ಜೆ ಇಟ್ಟಿದ್ದ, ಮುತ್ಯಾ ರಟ್ಟೆ ಹಿಡಿದು ನಿಲ್ಲಿಸಿದರು.

"ಅಮಾಸಿ ಅದ. ನಡು ಮಧ್ಯಾಹ್ನ. ಹೊಲದಾಗ ಏನರೆ ಕರದ್ರ ಮೂರ್ನೆ ಸಲದ ತನಾ ಓ ಅನ್ನಬಾರದು, ಹೆಜ್ಜಿ ಇಡಬಾರದು. ಮನಷ್ಯಾರಾದ್ರ ಮೂರು ಸಲ ಕರೀತಾರ. ಅದು ಎರಡೇ ಸಲ ಕರೀತದ."

ನನಗೆ ಆ ದನಿ ಗೊತ್ತಿತ್ತು. ಜೇವರ್ಗಿಯಲ್ಲಿ ಒಂದು ದಿನದ ತರಬೇತಿಯಲ್ಲಿ ಅದನ್ನು ಕೇಳಿಸಿದ್ದರು. ಗೊತ್ತಿದ್ದೂ ನಾನು ಏಳಲಿಲ್ಲ. ಸುಳ್ಳೇಕೆ ಹೇಳಲಿ, ನಾನೂ ಇದೇ ಮಣ್ಣಿನಲ್ಲಿ ಇದೇ ಮಾತು ಕೇಳಿ ಬೆಳೆದವಳು. ಎರಡನೇ ಕೂಗಿಗೆ ಕಾಯುತ್ತ ಕುಳಿತೆ. ಇವತ್ತಿಗೂ ನನಗೆ ನಾಚಿಕೆ ಅದಕ್ಕೇ.

ಐದು ನಿಮಿಷ ಕಳೆಯಿತು. ಟೀಂವ್, ಟೀಂವ್, ಟೀಂವ್. ಎರಡನೇ ಕೂಗು.

ಮೂರನೆಯದಕ್ಕೆ ಕಾದೆವು. ಹಕ್ಕಿ ಕೂಡ ಕೂಗಲಿಲ್ಲ. ಅಷ್ಟರಲ್ಲಿ ಸೀಮಾ ಚಿಟ್ಟನೆ ಚೀರಿದಳು. ರೊಟ್ಟಿಯ ಗಂಟು ತಾನಾಗಿಯೇ ನಡುಗುತ್ತಿತ್ತು. ಹತ್ತಿರ ಯಾರೂ ಇರಲಿಲ್ಲ. ನಡುಗಿತು, ನಿಂತಿತು, ಮತ್ತೆ ನಡುಗುತ್ತ ಗೋಣಿತಟ್ಟಿನ ಮೇಲೆ ಒಂದು ಬೆರಳಿನಷ್ಟು ಸರಿಯಿತು. ಮುತ್ಯಾ ಅದರ ಮೇಲೆ ವಿಭೂತಿ ಎರಚಿದರು.

ನನಗೆ ಎಲ್ಲಿಂದ ಧೈರ್ಯ ಬಂತೋ, ಗಂಟಿಗೆ ಕೈ ಹಾಕಿ ಬಿಚ್ಚಿದೆ. ರೊಟ್ಟಿಗಳ ನಡುವೆ ಸಪ್ನಾಳ ಮೊಬೈಲು. ದನಿ ಬಂದ್ ಮಾಡಿದ್ದೆವಲ್ಲ, ಪಾಪ, ನಡುಗುವುದೊಂದೇ ಅದಕ್ಕೆ ಉಳಿದಿತ್ತು. ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ನಲವತ್ತೆಂಟು, ಪಕ್ಕದಲ್ಲಿ ಕೆಳಕ್ಕೆ ತಿರುಗಿದ ಬಾಣ. ಎಪ್ಪತ್ತಕ್ಕಿಂತ ಕೆಳಗಿಳಿದರೆ ಅಪಾಯ.

"ತೊಗರ್ಯಾಗ ಆಕಿ ಸೊಂಟದ ಡಬ್ಬಿ ಕರ್ಯಾಕತ್ತದ್ರೀ, ಅದಕ್ಕ ತಂದೇ ದನಿ ಅದ! ಸಕ್ರಿ ಇಳದದ! ಏಳ್ರಿ! ಆಕಿ ಇಲ್ಲೇ ಹತ್ರ ಇದ್ದಾಳ, ದೂರ ಇದ್ರ ಈ ಮೊಬೈಲಿಗಿ ಸುದ್ದಿ ಮುಟ್ತಿರ್ಲಿಲ್ಲ!"

ಓಡಿದೆವು. ಕರಿಮಣ್ಣಿನ ಮೇಲೆ ತಂಬಿಗೆಯ ನೀರಿನ ಹನಿಗಳು ಬದುವಿನುದ್ದಕ್ಕೂ ನೆಟ್ಟಗೆ ಬಂದು, ಒಂದು ಕಡೆ ತೊಗರಿಯೊಳಕ್ಕೆ ಹೊರಳಿದ್ದವು. ಹನಿ ಹಿಡಿದು ನುಗ್ಗುತ್ತಿದ್ದಾಗ ಮೂರನೇ ಕೂಗು ಕಾಲ ಬುಡದಲ್ಲೇ ಕೇಳಿಸಿತು.

ಸಪ್ನಾ ಸಾಲಿನ ನಡುವೆ ಕುಳಿತಿದ್ದಳು. ಸೀರೆ ಬೆವರಿನಿಂದ ತೊಯ್ದಿತ್ತು. ಕಣ್ಣು ತೆರೆದೇ ಇದ್ದವು. ಖಾಲಿ ತಂಬಿಗೆಯಿಂದ ಇಲ್ಲದ ನೀರನ್ನು ಚಿಮುಕಿಸುತ್ತ ಮೆಲ್ಲಗೆ "ಓ" ಎನ್ನುತ್ತಿದ್ದಳು.

"ಸಪ್ನಾ, ನಾ ಬೇ, ನಿಮ್ಮವ್ವ!"

ಹುಡುಗಿ ತಾಯಿಯ ಮುಖವನ್ನೇ ನೋಡಿದಳು. "ನೀ ಯಾರು? ಆಚಿ ಸರಿ. ಮುಂದಿನವರು ಹೊಂಟ್ರು."

ಸೀಮಾ ಸೆರಗಿನಿಂದ ಮಗಳ ಬೆವರು ಒರೆಸತೊಡಗಿದಳು. ಶಂಕರಲಿಂಗ 108ಕ್ಕೆ ಫೋನ್ ಹಚ್ಚಿದ.

"ಇನ್ನಾ ಎಚ್ಚರ ಅದ, ನುಂಗ್ತಾಳ," ಎಂದೆ ನಾನು. "ಜಲ್ದಿ ಸಿಹಿ ಬೇಕು. ಹೋಳಿಗಿ ಕರಗಾಕ ತಡ ಆಗ್ತದ. ಬರೇ ಸಕ್ರಿ, ಇಲ್ಲಾ ಬೆಲ್ಲ."

ಗ್ಲೂಕೋಸ್ ಡಬ್ಬ ಮನೆಯ ಕಿಟಕಿಯಲ್ಲಿತ್ತು. ಬೆಲ್ಲ ಇದ್ದದ್ದು ಒಂದೇ ಕಡೆ, ಐದು ಕಲ್ಲುಗಳ ಮುಂದಿನ ಎಡೆಯಲ್ಲಿ. ನೀರು ಹಿಡಿದವಳು ನಡುವೆ ತಪ್ಪಿಸಿಕೊಂಡಿದ್ದರಿಂದ ಚರಗವೂ ಮುಗಿದಂತಲ್ಲ. ಎಡೆ ಮುಟ್ಟುವಂತಿರಲಿಲ್ಲ. ಎಲ್ಲರೂ ಮುತ್ಯಾನ ಮುಖ ನೋಡಿದೆವು.

ಮುತ್ಯಾ ಕಲ್ಲುಗಳ ಕಡೆಗೆ ಓಡಿದರು. ಎಪ್ಪತ್ತೈದರ ಮುದುಕ, ಬರಿಗಾಲಲ್ಲಿ. ಎಡೆಯ ಬೆಲ್ಲವನ್ನೂ ಕುಡಿಯುವ ನೀರನ್ನೂ ತಂದು, ತಂಬಿಗೆಯ ಅಂಚಿಗೆ ಕುಟ್ಟಿ, ನೀರಿನಲ್ಲಿ ಕಲಸಿ, ತಾವೇ ಮೊಮ್ಮಗಳ ಬಾಯಿಗೆ ಹಿಡಿದರು.

"ನುಂಗವ್ವ, ನುಂಗು ನನ್ನ ತಾಯಿ. ಭೂತಾಯಿಗಿ ನಾ ಹೇಳ್ಕೋತೇನಿ."

ಹದಿನೈದು ನಿಮಿಷ ಕಾದೆವು. ಐವತ್ತೈದು. ಇನ್ನೊಂದು ಸಲ ಬೆಲ್ಲದ ನೀರು ಕುಡಿಸಿ ಮತ್ತೆ ಹದಿನೈದು ನಿಮಿಷ. ಎಂಬತ್ತು. ಬಾಣ ಮೇಲಕ್ಕೆ ತಿರುಗಿತು.

"ಮುತ್ಯಾ," ಎಂದಳು ಸಪ್ನಾ, "ನೀ ಯಾಕ ಅಳಾಕತ್ತಿ?"

ಆ ಮಾತು ಕೇಳಿ ನಾವೆಲ್ಲ ಅತ್ತೆವು. ಹುಡುಗಿಗೆ ಒಂದು ರೊಟ್ಟಿ ತಿನ್ನಿಸಿ, ಬಂದ ಆಂಬುಲೆನ್ಸಿನಲ್ಲಿ ಅಫಜಲಪುರಕ್ಕೆ ಕರೆದೊಯ್ದು ತೋರಿಸಿದೆವು.

ಮರುದಿನ ನಾನು ಮನೆಗೆ ಹೋದಾಗ ಶಂಕರಲಿಂಗ ಸಿಟ್ಟಿನಲ್ಲಿದ್ದ. "ಆ ಡಬ್ಬಿ ತೆಗಸಿಬಿಡ್ತೇನಿ ಗೌರಕ್ಕ. ಸೂಜಿನೇ ಚಲೋ ಇತ್ತು."

ಉತ್ತರ ಕೊಟ್ಟವರು ಮುತ್ಯಾ. "ಲೇ, ಡಬ್ಬಿ ಮೂರು ಸಲ ಕರೀತು. ನಾವು ಓ ಅನ್ಲಿಲ್ಲ. ತಪ್ಪು ಡಬ್ಬಿದೇನು? ಉಣ್ಣಾಕ ಕುಂದ್ರಿಸಿ ಗಂಟು ಕಟ್ಟಿಸಿದಾವ ನಾ." ಆಮೇಲೆ ನನ್ನ ಕಡೆ ತಿರುಗಿದರು. "ಖರೇ ಹೇಳು. ಮೊಬೈಲ್ ಬಂದ್ ಬಿತ್ತಂದ್ರ ಔಷಧನೂ ಬಂದ್ ಆಗ್ತದೇನು?"

"ಇಲ್ರಿ. ಡಬ್ಬಿ ತನ್ನ ಪಾಡಿಗಿ ಸಣ್ಣಗ ಬಿಡ್ತಿರ್ತದ. ಊಟದ ಔಷಧ ಕೊಡಾಕ, ಸಕ್ರಿ ನೋಡಾಕ ಮೊಬೈಲ್ ಬೇಕು. ಅದಕ್ಕ ಚಾರ್ಜ್ ಇರ್ಬೇಕು. ಡಬ್ಬಿನೇ ಕೆಟ್ಟಿತಂದ್ರ ಮನ್ಯಾಗ ಸೂಜಿ, ಇನ್ಸುಲಿನ್ ಇರಾಕೇಬೇಕು."

"ಬ್ಯಾರೇದವರು ಒತ್ತಿದ್ರ?"

"ಅದಕ್ಕೇ ಲಾಕ್ ಇರ್ತದ್ರಿ. ಆಟ ಆಡಾಕಂತ ಯಾರ ಕೈಯಾಗೂ ಕೊಡಬಾರದು."

ಸಪ್ನಾ ಅಲ್ಲಿತನಕ ತಲೆ ತಗ್ಗಿಸಿ ಕುಳಿತಿದ್ದಳು. "ಔಷಧ ತಗೊಂಡೀನಿ ಅಂತ ಹೇಳಿದ್ರ, ನನ್ನಿಂದ ಹಬ್ಬ ಕೆಡ್ತು ಅಂತೀರಿ ಅಂತ ಅಂಜಿದೆ," ಎಂದಳು. ಇನ್ನೊಂದು ಮಾತೂ ಹೇಳಿದಳು. "ಮುತ್ಯಾ, ನನ್ನ ಮುಂದ ನೀ ಇರ್ಲಿಲ್ಲ. ಬಿಳಿ ಧೋತರದವರು ಐದು ಮಂದಿ ಚರಗ ಚೆಲ್ಲಕೋತ ತೊಗರ್ಯಾಗ ಹೊಂಟಿದ್ರು. ಅವರ ಹಿಂದ ಹೋದೆ. ಯಾರೂ ತಿರುಗಿ ನೋಡ್ಲಿಲ್ಲ."

ಸಕ್ಕರೆ ಇಳಿದರೆ ಮಿದುಳು ಉಪವಾಸ ಬೀಳುತ್ತದೆ, ಇಲ್ಲದ್ದು ಕಾಣುತ್ತದೆ, ಮೈಮೇಲೆ ಬಂದವರಂತೆ ಮಾತು ಬರುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ನಾನು ಬಿಡಿಸಿ ಹೇಳಿದೆ. ಡಾಕ್ಟರ ಮಾತೇ ಖರೆ. ಆದರೂ ಆ ತೊಗರಿ ಸಾಲಿಗೆ ನಾನು ಇವತ್ತಿಗೂ ಒಬ್ಬಳೇ ಹೋಗುವುದಿಲ್ಲ, ನೀವು ಬೇಕಾದರೆ ನಗಿರಿ.

ಮುಂದಿನ ಎಳ್ಳಮಾಸಿಗೂ ಸಪ್ನಾಳೇ ನೀರು ಹಿಡಿದಳು. ಸೀಮಾ ಹೊಲಿದುಕೊಟ್ಟ ಬಟ್ಟೆಯ ಚೀಲದಲ್ಲಿ ಮೊಬೈಲು ಅವಳ ಸೊಂಟಕ್ಕಿತ್ತು, ಪೂರಾ ದನಿ ಬಿಟ್ಟು. ತಾಟು ಮುಂದೆ ಬರುವ ತನಕ ಊಟದ ಇನ್ಸುಲಿನ್ ಒತ್ತಿರಲಿಲ್ಲ. ಅರ್ಧ ಸುತ್ತಿಗೆ, ಅದೇ ತೊಗರಿಯ ಹತ್ತಿರ, ನಡು ಮಧ್ಯಾಹ್ನ, ಟೀಂವ್ ಎಂದಿತು.

ದೇವಿಂದ್ರಪ್ಪ ಮುತ್ಯಾ ಕೂಗನ್ನು ಅರ್ಧಕ್ಕೇ ನಿಲ್ಲಿಸಿ ತಿರುಗಿದರು. ಮನೆತನದಲ್ಲಿ ಯಾರೂ ತಿರುಗಿರದ ಜಾಗದಲ್ಲಿ ತಿರುಗಿ, ಇಡೀ ಹೊಲಕ್ಕೆ ಕೇಳುವಂತೆ "ಓ!" ಎಂದರು. ಧೋತರದ ಗಂಟಿನಿಂದ ಬೆಲ್ಲದ ಚೂರು ತೆಗೆದು ಮೊಮ್ಮಗಳ ಕೈಗಿಟ್ಟರು. ಬಿಸಿಲಿನ ನಡಿಗೆಗೇ ಸಕ್ಕರೆ ತುಸು ಇಳಿದಿತ್ತು, ಅವಳು ತಿಂದು ಅದು ಸರಿಹೋಗುವ ತನಕ ಚರಗ ಅಲ್ಲೇ ನಿಂತಿತ್ತು.

ಅಕ್ಕತಂಗಿಯರೆ, ಪಂಪು ಎಲ್ಲರಿಗೂ ಬೇಕಿಲ್ಲ. ಅದನ್ನು ಡಾಕ್ಟರೇ ಹೇಳಬೇಕು. ಆದರೆ ಪಂಪಾಗಲಿ, ಸೂಜಿಯಾಗಲಿ, ಇನ್ಸುಲಿನ್ ತೆಗೆದುಕೊಳ್ಳುವವರು ನಿಮ್ಮ ಮನೆಯಲ್ಲಿದ್ದರೆ ಅವರನ್ನು ಊಟಕ್ಕೆ ಕಾಯಿಸಬೇಡಿ. ಅವರ ಮೊಬೈಲಿನ ದನಿ ಬಂದ್ ಮಾಡಿಸಬೇಡಿ, ಅದನ್ನು ಅವರಿಂದ ದೂರ ಇಡಬೇಡಿ. ಸಕ್ಕರೆಯೋ ಬೆಲ್ಲವೋ ಸದಾ ಕೈಗೆ ಸಿಗುವಂತಿರಲಿ. ಮೈ ಬೆವರಿ, ನಡುಗಿ, ಮಾತು ತಪ್ಪಿದರೆ ಗಾಳಿ ಸೋಕಿತು ಎಂದು ವಿಭೂತಿ ಹುಡುಕಬೇಡಿ, ಮೊದಲು ಸಿಹಿ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ, ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಮನೆಯಲ್ಲಿ ಇನ್ನಿಬ್ಬರಿಗಾದರೂ ಆ ಪರದೆ ಓದಲು ಬರಲಿ.

ಕರೆಯುವುದು ಮನುಷ್ಯರೋ, ಡಬ್ಬಿಯೋ, ಇನ್ನೇನೋ ಎಂದು ನಮ್ಮ ಹಾಗೆ ಎಣಿಸುತ್ತ ಕೂರಬೇಡಿ. ಮೊದಲನೇ ಕೂಗಿಗೇ ಓ ಅನ್ನಿ.