ಮದುವೆ ಇಲ್ಲದ ಹಸೆ

ಗೇಣಗಲ ಗದ್ದೆಯಿಲ್ಲದ ಹುಡುಗನಿಗೆ ಮಗಳನ್ನು ಕೊಡುವುದೋ ಬಿಡುವುದೋ ಎಂದು ಗುತ್ಯಮ್ಮನ ತಲೆ ಮೊದಲೇ ಕೆಟ್ಟು ಹೋಗಿತ್ತು. ಅದರ ಮೇಲೆ ಈ ಚಿತ್ರಗಳು ಬೇರೆ! ಶಾಲೆಯಲ್ಲಿ ಪಾಠ ಹೇಳುವ ಮಗಳು ಬೆಳ್ಳಮ್ಮನಿಗೆ ದಸರಾ ರಜೆ ಬಂತೆಂದು ಅವಳೊಂದಿಗೆ ಸಾಗರಕ್ಕೆ, ತಮ್ಮ ಜಟ್ಟಿಂಗಪ್ಪನ ಮನೆಗೆ ಬಂದಿದ್ದಳು. ಈ ಜಟ್ಟಿಂಗಪ್ಪನೋ, ಮಹಾ ಕಿಲಾಡಿ. ಆಗಷ್ಟೇ ನೀರು ತುಂಬಿದ್ದ ಲಿಂಗನಮಕ್ಕಿ ಕಟ್ಟೆಯ ಆಫೀಸಿನಲ್ಲಿ ಗುಮಾಸ್ತನಾಗಿದ್ದ ಆ ಹುಡುಗ ನಾಗರಾಜಪ್ಪನನ್ನೂ ಕರೆಸಿದ. ಮನೆಯಲ್ಲಿ ಹೆಣ್ಣು ತೋರಿಸಿದರೆ ಊರೆಲ್ಲ ಡಂಗುರ, ಹೊರಗೆಲ್ಲಾದರೂ ಒಬ್ಬರನ್ನೊಬ್ಬರು ನೋಡಿಕೊಳ್ಳಲಿ ಎಂದು ಹೈಸ್ಕೂಲಿನ ಹಾಲಿನಲ್ಲಿ ನಡೆಯುತ್ತಿದ್ದ ಹೊಸ ಕಾಲದ ಚಿತ್ರಗಳ ಪ್ರದರ್ಶನಕ್ಕೆ ಎಲ್ಲರನ್ನೂ ಎಳೆದೊಯ್ದ.

ಒಂದು ಚಿತ್ರದಲ್ಲಿ ಹಸುವಿನ ಮುಖ ಪಕ್ಕೆಯಲ್ಲಿತ್ತು. ಇನ್ನೊಂದರಲ್ಲಿ ಬರೀ ನೀಲಿ. ಅದರ ಹೆಸರು 'ಹೆಂಗಸು' ಅಂತೆ. ಹೆಂಗಸು ಎಲ್ಲಿ ಎಂದು ಗುತ್ಯಮ್ಮ ಬಗ್ಗಿ ನೋಡಿದಳು, ದೂರ ನಿಂತು ನೋಡಿದಳು. ಊಹೂಂ. ತಮ್ಮನನ್ನು ಕೇಳಿದರೆ ಅವನೂ ಕಣ್ಕಣ್ಣು ಬಿಟ್ಟ. ಹುಡುಗನನ್ನು ನೋಡಿದರೂ ಅಷ್ಟೇ, ಒಳ್ಳೆಯವನೋ ಅಲ್ಲವೋ ಒಂದೂ ತಿಳಿಯಲೊಲ್ಲದು.

ಕಡೆಯ ಗೋಡೆಯ ಹತ್ತಿರ ಬಂದಾಗ ಅವಳು ಗಕ್ಕನೆ ನಿಂತಳು. ಆಳೆತ್ತರದ ಬಟ್ಟೆಗೆ ಕೆಮ್ಮಣ್ಣಿನ ಬಣ್ಣ, ಅದರ ಮೇಲೆ ಅಕ್ಕಿ ಹಿಟ್ಟಿನಲ್ಲಿ ಎಳೆದಂಥ ಬಿಳಿ ಗೆರೆ, ಚೌಕದೊಳಗೆ ಚೌಕ. ಸಾಕ್ಷಾತ್ ಹಸೆ! ಗುತ್ಯಮ್ಮನ ಜನರಲ್ಲಿ ಮದುವೆಗೆಂದೇ ಗೋಡೆಯ ಮೇಲೆ ಬರೆಯುವ ಚಿತ್ತಾರ ಅದು. ಅದರ ಮುಂದೆ ಜೋಡಿಯಾಗುವವರು ಮದುಮಕ್ಕಳು ಮಾತ್ರ. ಮದುವೆ ಇಲ್ಲದ ಕಡೆ ಇದನ್ನು ಬರೆದ ಪುಣ್ಯಾತ್ಮ ಯಾರು? ಅಷ್ಟರಲ್ಲಿ ಅವಳ ಕಣ್ಣು ಕೆಳಗಿಳಿಯಿತು. ಹಸೆಗೆ ಬೆನ್ನು ಕೊಟ್ಟು ಬೆಳ್ಳಮ್ಮ ನಿಂತಿದ್ದಾಳೆ, ಪಕ್ಕದಲ್ಲೇ ನಾಗರಾಜಪ್ಪ!

ಗುತ್ಯಮ್ಮ ಓಡಿ ಹೋಗಿ ಮಗಳ ರಟ್ಟೆ ಹಿಡಿದು ಎಳೆದಳು. ಜನ ತಿರುಗಿ ನೋಡಿದರು. ಹುಡುಗ ತಲೆ ತಗ್ಗಿಸಿದ. ಮಗಳನ್ನು ಬಾಗಿಲ ಹೊರಗೆ ಕರೆದೊಯ್ದು ಚೆನ್ನಾಗಿ ಬೈದಳು: ತಾನಿನ್ನೂ ಹೂಂ ಅಂದೇ ಇಲ್ಲ, ಹಸೆ ಯಾವುದು ಕಸ ಯಾವುದು ಎಂದು ನೋಡದೆ ಕಂಡಲ್ಲಿ ನಿಲ್ಲುವುದೇ? ಬೈದು ಬೈದು ಸುಸ್ತಾಗಿ, ಹೋಗಲಿ, ಈ ಗೊಂದಲದಲ್ಲಿ ಮಗುವಿಗೆ ಗೊತ್ತಾಗಿರಲಿಕ್ಕಿಲ್ಲ ಎಂದು ತಾನೇ ಸಮಾಧಾನವನ್ನೂ ಮಾಡಿದಳು.

"ಗೊತ್ತಾಗ್ದೆ ಅಲ್ಲವ್ವ," ಎಂದಳು ಬೆಳ್ಳಮ್ಮ ಮೆಲ್ಲಗೆ. "ಹಸೆ ಅಂತ ಒಳಗೆ ಬರ್ತಾನೇ ಕಂಡಿದ್ದೆ. ಅದ್ಕೇ ನಿಂತೆ. ಅವ್ರನ್ನೂ ನಾನೇ ಕರ್ದಿದ್ದು."

ಗುತ್ಯಮ್ಮನಿಗೆ ಸಿಟ್ಟು ಬರಬೇಕಿತ್ತು, ಅಳು ಬಂತು. ಅಳುವಿನ ಹಿಂದೆಯೇ ಅದೇಕೋ ನಗುವೂ ಬಂತು. ಅಷ್ಟರಲ್ಲಿ ಜಟ್ಟಿಂಗಪ್ಪ ಏನಾಯಿತೆಂದು ಕೇಳುತ್ತಾ ಹೊರಗೆ ಬಂದ.

"ತಮ್ಮಾ," ಎಂದಳು ಗುತ್ಯಮ್ಮ, ಸೆರಗಿನಿಂದ ಮೂಗೊರಸಿಕೊಂಡು, "ನಾನು ಹೂಂ ಅನ್ನೋದು ಇನ್ನೂ ಬಾಕಿ ಉಂಟೋ, ಮುಗೀತೋ?"