ಎರಡನೆಯ ತಟ್ಟೆ

ಸೋಮವಾರ ಮಧ್ಯಾಹ್ನದ ಆಟಕ್ಕೆ ಇನ್ನು ಹತ್ತು ನಿಮಿಷ ಇರುವಾಗ ಮಿರ್ಕೊನ ಪತ್ರ ಬಂತು. ಮಿರ್ಕೊ ನಮ್ಮ ಆನ್‌ಲೈನ್ ಕ್ಯಾಸಿನೊದ ಮೇಲ್ವಿಚಾರಕ. ಸಮುದ್ರದಾಚೆ ಯಾವುದೋ ಬಿಸಿಲಿನ ದ್ವೀಪದಲ್ಲಿ ಕೂತು, ಒಂಟಾರಿಯೊದ ಹಿರಿಯರು ಬಿಂಗೋ ಆಡುತ್ತ ಏನೇನು ಹರಟುತ್ತಾರೆ ಎಂದು ನೋಡಿಕೊಳ್ಳುವುದು ಅವನ ಕೆಲಸ. ಆ ಹರಟೆಯನ್ನು ನಡೆಸುವುದು ನನ್ನ ಕೆಲಸ. ಕಪುಸ್ಕೇಸಿಂಗ್ ಊರಿನ ನನ್ನ ಅಡುಗೆಮನೆಯ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು, ವಾರಕ್ಕೆ ಐದು ದಿನ, ಎರಡರಿಂದ ನಾಲ್ಕೂವರೆಯವರೆಗೆ, ‘ಹಿಮಗುಬ್ಬಿ’ ಎಂಬ ಹರಟೆಯ ಕೊಠಡಿಗೆ ಬಂದವರನ್ನೆಲ್ಲ ಹೆಸರು ಹಿಡಿದು ಬರಮಾಡಿಕೊಳ್ಳುತ್ತೇನೆ.

ಇದಕ್ಕೆ ಮೊದಲು ನಾನು ಇಪ್ಪತ್ತೆರಡು ವರ್ಷ ನಮ್ಮ ಚರ್ಚಿನ ಕಚೇರಿಯಲ್ಲಿದ್ದೆ. ಚರ್ಚಿನ ನೆಲಮಾಳಿಗೆಯಲ್ಲಿ ಪ್ರತಿ ಗುರುವಾರ ಬಿಂಗೋ ನಡೆಯುತ್ತಿತ್ತು. ಅಂಕಿ ಕೂಗುತ್ತಿದ್ದವಳು ನಾನೇ. ಚರ್ಚು ಮುಚ್ಚಿತು, ಬಿಂಗೋ ನಿಂತಿತು, ಅಂಕಿ ಕೂಗುವ ನಾಲಗೆ ಮಾತ್ರ ಉಳಿಯಿತು. ಹೀಗೆ ಇಲ್ಲಿಗೆ ಬಂದೆ. ಇಲ್ಲಿ ಅಂಕಿ ಕೂಗುವುದು ಯಂತ್ರ. ನಾನು ಕೇಳಿಸಿಕೊಳ್ಳುತ್ತೇನೆ, ಅಷ್ಟೆ.

ಪತ್ರದಲ್ಲಿದ್ದದ್ದು ಇಷ್ಟು. ಡ್ರೈಡನ್ ಊರಿನ ಆರ್ವಲ್ ಪೆಟ್ರಿ, ವಯಸ್ಸು ಎಪ್ಪತ್ತನಾಲ್ಕು, ಹೋದ ವಾರ ಮೂರು ಸಲ ಗೆದ್ದ ಕೂಡಲೇ ಹರಟೆಯಲ್ಲಿ ಹೀಗೆ ಬರೆದಿದ್ದಾರೆ: “ಕ್ಷಮಿಸಿ, ನನ್ನದು ವಾಪಸ್ ಹಾಕಿ, ಮತ್ತೊಮ್ಮೆ ಎತ್ತಿ.” ಯಂತ್ರ ಮೂರನ್ನೂ ಹಿಡಿದು ಹಳದಿ ಬಾವುಟ ಹಾರಿಸಿದೆ. ಜೊತೆಗಿದ್ದ ನಮೂನೆಯಲ್ಲಿ ಎರಡು ಚೌಕಗಳಿದ್ದವು. ಮೊದಲನೆಯದು: ಆಟಗಾರ ಆಟ ಸರಿಯಿಲ್ಲವೆಂದು ದೂರುತ್ತಿದ್ದಾನೆ. ಎರಡನೆಯದು: ಆಟಗಾರ ಸೋತವರನ್ನು ಅಣಕಿಸುತ್ತಿದ್ದಾನೆ. ಎರಡರಲ್ಲಿ ಒಂದಕ್ಕೆ ಗುರುತು ಹಾಕಿ ಶುಕ್ರವಾರದೊಳಗೆ ಕಳಿಸಬೇಕು. ಯಾವುದಕ್ಕೆ ಹಾಕಿದರೂ ಫಲ ಒಂದೇ. ಆರ್ವಲ್ ಇನ್ನು ಮುಂದೆ ಆಡಬಹುದು, ಮಾತಾಡುವಂತಿಲ್ಲ.

ಆರ್ವಲ್ ಆಡಲು ಬರುವವರೇ ಅಲ್ಲ. ಎಷ್ಟೋ ಸಲ ತಾವು ಗೆದ್ದದ್ದನ್ನು ಅವರಿಗೆ ಬೇರೆಯವರು ಹೇಳಬೇಕು. ಸರೋವರದ ಮಂಜುಗಡ್ಡೆ ಎಷ್ಟು ದಪ್ಪವಾಯಿತು, ಬಾಗಿಲ ಮುಂದೆ ಯಾವ ನರಿ ನಿಂತಿತ್ತು, ಕೆನೋರಾದ ಡೋರೀನ್ ಕೊವಾಲ್ಚುಕ್ ಮಾಡಿದ ಪಿರೋಗಿ ಕಡುಬಿನಲ್ಲಿ ಈ ಸಲ ಈರುಳ್ಳಿ ಜಾಸ್ತಿಯಾಯಿತೇ, ಇದಕ್ಕೇ ಅವರು ಎರಡು ಗಂಟೆಗೆ ಸರಿಯಾಗಿ ಬಂದು ಕೂರುವುದು. ಆ ಮಾತು ತೆಗೆದರೆ ಅವರ ಮಧ್ಯಾಹ್ನದಲ್ಲಿ ಉಳಿಯುವುದು ಅಂಕಿಗಳು ಮಾತ್ರ.

ನಮೂನೆಯನ್ನು ನಾಲ್ಕು ಸಲ ಓದಿದೆ. ಆರ್ವಲ್ ದೂರುತ್ತಲೂ ಇರಲಿಲ್ಲ, ಅಣಕಿಸುತ್ತಲೂ ಇರಲಿಲ್ಲ. ಅವರು ಮಾಡುತ್ತಿದ್ದದ್ದು ನನಗೆ ಎಷ್ಟು ಸಹಜವಾಗಿ ಕಂಡಿತ್ತೆಂದರೆ, ಅದಕ್ಕೆ ಒಂದು ಹೆಸರಿದೆಯೇ ಎಂದು ನಾನು ಯೋಚಿಸಿಯೇ ಇರಲಿಲ್ಲ.

ಅವರಿಗೆ ನೇರವಾಗಿ ಹೇಳಿಬಿಡಬೇಕಿತ್ತು. ಖಾಸಗಿಯಾಗಿ ಬರೆಯಲು ಬೇರೆ ಕಿಟಕಿಯೇ ಇದೆ. ಮೂರು ಸಲ ತೆರೆದು ಮೂರು ಸಲವೂ ಮುಚ್ಚಿದೆ. ಮನೆತನಸ್ಥ ಮನುಷ್ಯನಿಗೆ, ನಿಮ್ಮ ಮರ್ಯಾದೆ ಬೇರೆಯವರಿಗೆ ಅಣಕದಂತೆ ಕೇಳುತ್ತಿದೆ ಎಂದು ಹೇಗೆ ಹೇಳುವುದು? ಮಂಗಳವಾರ ಒಂದು ಉಪಾಯ ಹೊಳೆಯಿತು. ಯಾರ ಹೆಸರನ್ನೂ ಎತ್ತದೆ ಇಡೀ ಕೊಠಡಿಗೆ ಒಂದು ಸಾಲು ಬರೆದು ಹಾಕಿದೆ: ಗೆದ್ದವರು ದಯವಿಟ್ಟು ಧನ್ಯವಾದ ಹೇಳಿದರೆ ಸಾಕು, ಬೇರೆ ಮಾತು ಬೇಡ.

ಕೊಠಡಿ ಒಂದು ನಿಮಿಷ ಸುಮ್ಮನಾಯಿತು. ನಮ್ಮ ಅಪ್ಪ ಬೆಳಗಿನ ಹೊತ್ತು ಕೀರ್ತನೆ ಹೇಳುವಾಗ ಸಾಲಿನ ನಡುವೆ ಉಸಿರು ನಿಲ್ಲಿಸುತ್ತಿದ್ದರು. ಆ ನಿಲುಗಡೆಯಲ್ಲಿ ನಾವು ಮಕ್ಕಳು ಹಿಂದಿನ ದಿನ ಮಾಡಿದ ತಪ್ಪನ್ನೆಲ್ಲ ನೆನೆಸಿಕೊಳ್ಳುತ್ತಿದ್ದೆವು. ಇದೂ ಅಂಥದೇ. ಆಮೇಲೆ ಒಬ್ಬೊಬ್ಬರೇ ಶುರುಮಾಡಿದರು. ಒಬ್ಬಾಕೆ ಹೋದ ತಿಂಗಳು ಗೆದ್ದಾಗ ಎರಡು ಸಲ ನಗುಮುಖ ಹಾಕಿದ್ದಕ್ಕೆ ಕ್ಷಮೆ ಕೇಳಿದಳು. ಇನ್ನೊಬ್ಬರು ತಮ್ಮ ಮೊಣಕಾಲಿನ ಕತೆ ಉದ್ದವಾಗಿದ್ದಕ್ಕೆ. ಮತ್ತೊಬ್ಬಾಕೆಗೆ ಏನು ತಪ್ಪಾಗಿದೆಯೋ ಗೊತ್ತಿಲ್ಲವಂತೆ. ಅದು ಗೊತ್ತಿಲ್ಲದ್ದಕ್ಕೇ ಆಕೆ ಕ್ಷಮೆ ಕೇಳಿದಳು. ನಾಲ್ಕು ಗಂಟೆಯ ಹೊತ್ತಿಗೆ ಪರದೆಯ ಅಂಚಿನಲ್ಲಿ, ಕ್ಷಮೆಗೊಂದರಂತೆ, ಹದಿನಾಲ್ಕು ಹಳದಿ ಬಾವುಟಗಳು ಹಾರುತ್ತಿದ್ದವು.

ಕ್ಷಮೆ ಕೇಳದೆ ಇದ್ದವರು ಆರ್ವಲ್ ಒಬ್ಬರೇ. ಅವರು ಖಾಸಗಿ ಕಿಟಕಿಯಲ್ಲಿ ನನ್ನ ಹೆಸರು ಹಿಡಿದು ಕೇಳಿದರು:

“ರೋಲಾಂಡ್, ಆ ಮಾತು ಯಾರಿಗೆ ಹೇಳಿದ್ದು? ನನಗಾ?”

“ಹಾಗೇನಿಲ್ಲ ಆರ್ವಲ್. ಎಲ್ಲರಿಗೂ ಸುಮ್ನೆ ಹೇಳಿದ್ದು.”

ಬರೆದು ಕಳಿಸಿಬಿಟ್ಟೆ. ಸುಳ್ಳು ಎನ್ನುವುದು ನನಗೂ ಗೊತ್ತಿತ್ತು, ಗೋಡೆಯ ಪಟದಲ್ಲಿದ್ದ ದೇವಮಾತೆಗೂ ಗೊತ್ತಿತ್ತು.

ನನ್ನ ಮಾತನ್ನು ಆರ್ವಲ್ ನಂಬಿದರು. ತಮಗಲ್ಲ ಎಂದ ಮೇಲೆ ಇದು ಡೋರೀನಳಿಗೇ ಇರಬೇಕೆಂದು ತೀರ್ಮಾನಿಸಿದರು, ಏಕೆಂದರೆ ಅವಳು ಗೆದ್ದಾಗ ಕೋಳಿಯ ಹಾಗೆ ಕೂಗುವುದನ್ನು ಅಕ್ಷರದಲ್ಲಿ ಬರೆಯುತ್ತಿದ್ದಳು. ಪಾಪ ನೊಂದಿರಬಹುದು ಎಂದು ಬುಧವಾರ ಬೆಳಿಗ್ಗೆ ಅವಳಿಗೊಂದು ಸಮಾಧಾನದ ಸಾಲು ಕಳಿಸಿದರು. ತನ್ನ ಬಗ್ಗೆ ಯಾರಿಗೂ ಏನೂ ಅನಿಸಿಲ್ಲ ಎಂದುಕೊಂಡಿದ್ದ ಡೋರೀನ್ ಅದನ್ನು ಓದಿ, ಹಾಗಾದರೆ ಎಲ್ಲರೂ ಸೇರಿ ಮಾತಾಡಿಕೊಂಡಿದ್ದಾರೆ ಎಂದು ತಿಳಿದಳು. ಮಧ್ಯಾಹ್ನ ಆಟದ ನಡುವೆಯೇ ನನಗೆ ಬರೆದಳು: “ನನ್ನ ಕೋಳಿ ಕೂಗಿಂದ ಇಷ್ಟು ತೊಂದ್ರೆ ಆಗಿದೆ ಅಂತ ಯಾರಾದ್ರೂ ಮೊದಲೇ ಹೇಳ್ಬಾರ್ದಿತ್ತಾ? ಸ್ವಲ್ಪ ದಿನ ಬರಲ್ಲ ಕಣಮ್ಮ. ಬೇಜಾರಿಲ್ಲ.”

ಬೇಜಾರಿಲ್ಲ ಎಂದರೆ ಎಷ್ಟು ಬೇಜಾರು ಎಂದು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ.

ಅದೇ ಬುಧವಾರ ಆರ್ವಲ್ ಎರಡು ಸಲ ಗೆದ್ದರು. ಎರಡನೆಯ ಸಲ ಯಾವ ಅಳುಕೂ ಇಲ್ಲದೆ ಬರೆದರು: ಕ್ಷಮಿಸಿ, ನನ್ನದು ವಾಪಸ್ ಹಾಕಿ, ಮತ್ತೊಮ್ಮೆ ಎತ್ತಿ. ಐದು ನಿಮಿಷದಲ್ಲಿ ಮಿರ್ಕೊನ ಫೋನು ಬಂತು. ನಿಮ್ಮ ಕೊಠಡಿಯ ಹದಿನೈದು ಜನ ಒಟ್ಟಾಗಿ ಆಟದ ಮೇಲೆ ದೂರು ಕೊಡುತ್ತಿದ್ದಾರೆಯೇ ಎಂದು ಅವನು ಕೇಳಿದ. ಅವನದು ಒಳ್ಳೆಯ ಧ್ವನಿ, ಎಂದೂ ಏರಿಸಿದವನಲ್ಲ. ಅವನಿಗೆ ಎಲ್ಲಿಂದ ಶುರುಮಾಡಿ ಹೇಳಲಿ? ಮಾಂಸದ ಚೀಟಿಯಿಂದ ಶುರುಮಾಡಿದೆ.

ಶನಿವಾರ ಮಧ್ಯಾಹ್ನ ಮಾಜಿ ಸೈನಿಕರ ಸಂಘದ ಹಾಲ್‌ನಲ್ಲಿ ಊರವರು ಸೇರುತ್ತಾರೆ ಎಂದೆ. ಕಸಾಯಿಯವನು ತಟ್ಟೆಗಳಲ್ಲಿ ಹಂದಿಯ ತುಂಡು, ಸಾಸೇಜು, ಬೇಕನ್ ಜೋಡಿಸಿ ಕಳಿಸಿರುತ್ತಾನೆ. ಎಲ್ಲರೂ ಚೀಟಿ ಕೊಳ್ಳುತ್ತಾರೆ, ಡಬ್ಬದಿಂದ ಒಂದೊಂದೇ ಚೀಟಿ ಎತ್ತುತ್ತಾರೆ, ಯಾರ ಅಂಕಿ ಬಂತೋ ಅವರಿಗೆ ಒಂದು ತಟ್ಟೆ. ಒಂದು ತಟ್ಟೆ ಗೆದ್ದವನಿಗೆ ಅದೇ ದಿನ ಎರಡನೆಯದೂ ಬಂದರೆ ಅವನು ಎದ್ದು ನಿಂತು, ನನ್ನದು ವಾಪಸ್ ಹಾಕಿ, ಮತ್ತೊಮ್ಮೆ ಎತ್ತಿ ಎನ್ನುತ್ತಾನೆ.

“ಅಂದ್ರೆ ಅವರಿಗೆ ಗೆದ್ದದ್ದು ಬೇಡ,” ಎಂದ ಮಿರ್ಕೊ.

“ಬೇಕು.”

“ಮತ್ತೆ ಯಾಕೆ ವಾಪಸ್ ಕೊಡ್ತಾರೆ?”

“ಜನ ‘ಇಟ್ಕೊ ಮಾರಾಯ’ ಅನ್ನಲಿ ಅಂತ.”

“ಜನ ಅನ್ನದೆ ಇದ್ರೆ?”

“ಅಂತಾರೆ.”

“ಮೇಡಂ, ಅನ್ನದೆ ಇದ್ರೆ?”

ನಾನು ಯೋಚಿಸಿದೆ. ಕೆಲವು ಸಲ ಅನ್ನುವುದಿಲ್ಲ. ಆಗ ತಟ್ಟೆ ನಿಜವಾಗಿಯೂ ವಾಪಸ್ ಹೋಗುತ್ತದೆ, ಅವನು ಅದಕ್ಕೂ ತಯಾರಾಗಿಯೇ ಎದ್ದಿರುತ್ತಾನೆ. ಹಾಗಾದರೆ ಅವನಿಗೆ ಅದು ಬೇಕೋ ಬೇಡವೋ? ಅನ್ನದೆ ಇದ್ದರೆ ವಾಪಸ್ಸೇ ಹೋಗುತ್ತದೆ ಎಂದೆ. ಬಿಂಗೋದಲ್ಲಿ ಮತ್ತೊಮ್ಮೆ ಎತ್ತುವುದು ಎಂಬುದೇ ಇಲ್ಲವಲ್ಲ ಎಂದು ಮಿರ್ಕೊ ಕೇಳಿದ. ಇಲ್ಲ ಎಂದೆ. ಅದು ಅವರಿಗೆ ಗೊತ್ತೇ ಎಂದ. ಚೆನ್ನಾಗಿ ಗೊತ್ತು ಎಂದೆ.

ಕೊನೆಗೆ ಅವನು ತನ್ನ ಕೈಲಾದಷ್ಟು ಒಳ್ಳೆಯತನ ತೋರಿಸಿದ. ಉಳಿದ ಹದಿನಾಲ್ಕು ಬಾವುಟಗಳನ್ನು ತಾನೇ ಅಳಿಸುತ್ತಾನೆ. ಆರ್ವಲ್ ಶುಕ್ರವಾರದ ಆಟವನ್ನು ಆ ಮಾತಿಲ್ಲದೆ ಮುಗಿಸಿದರೆ ನಮೂನೆಯನ್ನು ಖಾಲಿಯೇ ಮುಚ್ಚುತ್ತಾನೆ. ಇನ್ನೊಂದು ಸಲ ಆ ಮಾತು ಬಂದರೆ ಅವನ ಕೈಯಲ್ಲೂ ಏನಿಲ್ಲ, ಯಂತ್ರವೇ ಬಾಯಿ ಮುಚ್ಚಿಸುತ್ತದೆ.

ಗುರುವಾರ ಆಟಕ್ಕೆ ಮೊದಲು ಖಾಸಗಿ ಕಿಟಕಿ ತೆರೆದೆ. ಈ ಸಲ ಮುಚ್ಚಲಿಲ್ಲ. ಆದರೂ ಮೊದಲು ಹವಾಮಾನ ಕೇಳಿದೆ. ಮೈನಸ್ ಮೂವತ್ತೊಂದು, ಕಾರು ಚಳಿಗೆ ಸ್ಟಾರ್ಟೇ ಆಗದೆ ಮಲಗಿದೆ, ಎದ್ದಿಲ್ಲ ಎಂದರು. ಡೋರೀನ್ ಯಾಕೆ ನಿನ್ನೆ ಆಟದ ಮಧ್ಯೆಯೇ ಎದ್ದು ಹೋದಳು ಎಂದು ಅವರೇ ಕೇಳಿದರು. ಅಲ್ಲಿಗೆ ನನ್ನ ಸುತ್ತುದಾರಿ ಮುಗಿಯಿತು.

“ಆರ್ವಲ್, ಮಂಗಳವಾರ ನಿಮಗೆ ಸುಳ್ಳು ಹೇಳಿದೆ. ಆ ಮಾತು ನಿಮಗೇ ಹೇಳಿದ್ದು. ಡೋರೀನ್‌ಗಲ್ಲ.”

ನಾನು ಎಲ್ಲವನ್ನೂ ಬರೆದೆ: ಬಾವುಟ, ಎರಡು ಚೌಕ, ಶುಕ್ರವಾರ, ಬಾಯಿ ಮುಚ್ಚಿಸುವ ಯಂತ್ರ. ಕಾಫಿ ಆರಿ ಕೆನೆಗಟ್ಟಿತು. ಆಮೇಲೆ ಅವರ ಸಾಲುಗಳು ಒಂದೊಂದಾಗಿ ಬಂದವು, ಮಂಜಿನ ಮೇಲೆ ಹೆಜ್ಜೆ ಇಡುವವರ ಹಾಗೆ.

ಅವರು ಡ್ರೈಡನ್ನಿಗೆ ಸಸ್ಕಾಚವಾನ್‌ನಿಂದ ಬಂದವರಂತೆ. ಬಂದ ಮೊದಲ ಚಳಿಗಾಲ ಹಾಲ್‌ನಲ್ಲಿ ಮಾಂಸದ ಚೀಟಿಗೆ ಹೋದರು. ಅವರಿಗೆ ಪದ್ಧತಿ ಗೊತ್ತಿರಲಿಲ್ಲ. ಒಂದು ತಟ್ಟೆ ಬಂತು, ಆಮೇಲೆ ಇನ್ನೊಂದು. ಎರಡನ್ನೂ ಎರಡು ಕೈಯಲ್ಲಿ ಹಿಡಿದು, ಎಲ್ಲರಿಗೂ ನಗುತ್ತ ಕೈ ಆಡಿಸಲಾಗದೆ ತಲೆ ಆಡಿಸಿ, ಮನೆಗೆ ಬಂದರು. ಜನರೂ ನಕ್ಕರು. ಒಬ್ಬರು ಬಾಗಿಲು ಬೇರೆ ಹಿಡಿದುಕೊಂಡರು. ಆಮೇಲೆ ಪ್ರತಿ ಶನಿವಾರ ಹೋದರು, ಎಲ್ಲರೂ ಮಾತಾಡಿಸಿದರು, ಯಾರೂ ಏನೂ ಹೇಳಲಿಲ್ಲ.

“ಏಳು ವರ್ಷ ರೋಲಾಂಡ್. ಏಳು ವರ್ಷ ಆದ್ಮೇಲೆ ನನ್ನ ಹೆಂಡ್ತಿ ಯಾರದೋ ಮದುವೇಲಿ ಕೇಳಿಸ್ಕೊಂಡ್ಳು. ಆ ಹಾಲ್‌ನಲ್ಲಿ ನನ್ನ ಹೆಸರು ‘ಎರಡು ತಟ್ಟೆ’ ಅಂತ ಇತ್ತಂತೆ. ಆವತ್ತಿಂದ ಎಲ್ಲೇ ಎರಡನೇ ಸಲ ಗೆದ್ರೂ ಮೈ ಬಿಸಿ ಆಗುತ್ತೆ.”

ಅವರು ಮುಂದುವರಿಸಿದರು: “ಇಲ್ಲಾದ್ರೂ ಯಾರಾದ್ರೂ ಮೊದಲೇ ಹೇಳ್ತಾರೆ ಅಂದ್ಕೊಂಡಿದ್ದೆ.”

ಕ್ಷಮೆ ಕೇಳಿದೆ. ಅಲ್ಲಿ ಅದು ಸರಿಯಾದ ಮಾತೇ ಎಂದು ನನಗೆ ಇಂದಿಗೂ ಅನುಮಾನ.

“ಇರಲಿ ಬಿಡಿ,” ಎಂದರು ಆರ್ವಲ್. “ಹಾಲ್‌ನವರು ಏಳು ವರ್ಷ ತಗೊಂಡ್ರು. ನೀವು ಮೂರೇ ದಿನ.”

ಡೋರೀನಳಿಗೆ ತಾವೇ ಹೇಳುತ್ತೇನೆ ಎಂದೂ ಸೇರಿಸಿದರು. ಏನು ಹೇಳಿದರೋ ಗೊತ್ತಿಲ್ಲ. ಶುಕ್ರವಾರ ಎರಡು ಗಂಟೆಗೆ ಅವಳ ಹೆಸರು ಪರದೆಯ ಮೇಲೆ ಮೊದಲು ಮೂಡಿತು, ಹಿಂದೆಯೇ ಒಂದು ಉದ್ದನೆಯ ಕೋಳಿ ಕೂಗು. ಇದು ಗೆಲ್ಲೋಕ್ಕಿಂತ ಮೊದಲೇ, ಬಾಕಿ ಇದ್ದದ್ದು ಎಂದು ಬರೆದಳು.

ಮೊದಲನೆಯ ಆಟ ಆರ್ವಲ್ ಗೆದ್ದರು. ಧನ್ಯವಾದ ಹೇಳಿದರು. ಒಂದು ಗೆಲುವಿಗೆ ಯಾರೂ ಏನೂ ವಾಪಸ್ ಹಾಕಬೇಕಿಲ್ಲ. ಇನ್ನೊಂದು ಗೆಲುವು ಅವರಿಗೆ ಬಾರದಿರಲಿ ಎಂದು ನಾನು ಜಪಮಾಲೆ ಹಿಡಿದು ಬೇಡಿಕೊಂಡೆ. ಒಬ್ಬ ಮನುಷ್ಯ ಬಿಂಗೋದಲ್ಲಿ ಸೋಲಲಿ ಎಂದು ಮಾತೆಯನ್ನು ಬೇಡುವುದು ಯಾವ ಬಗೆಯ ಭಕ್ತಿಯೋ ತಿಳಿಯದೆ, ಅರ್ಧಕ್ಕೆ ನಿಲ್ಲಿಸಿ, ಬರೀ ಮಣಿ ಎಣಿಸಿದೆ.

ನಾಲ್ಕು ಗಂಟೆ ದಾಟಿತ್ತು. ಕೊನೆಯ ಆಟ. ಯಂತ್ರ ಅರವತ್ತೆರಡು ಎಂದು ಕೂಗಿತು, ಆರ್ವಲ್ ಪೆಟ್ರಿಯ ಹೆಸರು ಮಿನುಗಿತು. ಹನ್ನೆರಡು ಡಾಲರಿನ ಗೆಲುವು. ಅವರು ಬರೆಯುತ್ತಿದ್ದಾರೆ ಎಂದು ತೋರಿಸುವ ಮೂರು ಚುಕ್ಕಿ ಕಾಣಿಸಿಕೊಂಡು ಆರಿದವು. ಮತ್ತೆ ಬಂದವು, ಮತ್ತೆ ಆರಿದವು. ಡ್ರೈಡನ್ನಿನ ಒಂದು ಮನೆಯಲ್ಲಿ ಒಬ್ಬರ ಮೈ ಬಿಸಿಯಾಗುತ್ತಿರುವುದು ನನಗಿಲ್ಲಿ ಗೊತ್ತಾಗುತ್ತಿತ್ತು.

“ಧನ್ಯವಾದ,” ಎಂದು ಬಂತು. ಅಷ್ಟೇ.

ಬಾವುಟ ಹಾರಲಿಲ್ಲ. ಕಾಲು ನಿಮಿಷ ಹೋಯಿತು. ಆಮೇಲೆ ಡೋರೀನ್ ಬರೆದಳು:

“ಇಟ್ಕೊ ಮಾರಾಯ.”

ಅವರು ಕೇಳಿಯೇ ಇರಲಿಲ್ಲ. ಆದರೂ ಹಿಂದೆಯೇ ಇನ್ನೊಬ್ಬರು, ಮತ್ತೊಬ್ಬರು. ಇಟ್ಕೊ ಆರ್ವಲ್, ಇಟ್ಕೊಳ್ಳಿ ಆರ್ವಲ್ ಎಂದು ಪರದೆ ತುಂಬಿ ಮೇಲಕ್ಕೆ ಹರಿಯಿತು. ಮೊಣಕಾಲಿನವರೂ ಬರೆದರು, ಹೋದ ತಿಂಗಳ ನಗುಮುಖದಾಕೆಯೂ ಬರೆದಳು. ಯಂತ್ರಕ್ಕೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ.

ಮಿರ್ಕೊ ಮಾತಿಗೆ ತಪ್ಪದೆ ನಮೂನೆ ಮುಚ್ಚಿದ. ಜೊತೆಗೆ ಒಂದು ಪ್ರಶ್ನೆ ಕಳಿಸಿದ. ಅವರು ವಾಪಸ್ ಕೊಡುತ್ತೇನೆ ಎನ್ನಲಿಲ್ಲ, ಆದರೂ ಎಲ್ಲರೂ ಇಟ್ಕೊ ಎಂದು ಯಾಕೆ ಹೇಳಿದರು? ಮುಂದೆ ಬೇರೆ ಕೊಠಡಿಗಳಿಗೆ ನಿಯಮ ಬರೆಯುವಾಗ ಇದನ್ನು ಸಭ್ಯತೆ ಎಂದು ಬರೆದುಕೊಳ್ಳಲೇ, ಅಸಭ್ಯತೆ ಎಂದೇ? ನಾನು ಒಂದು ಉತ್ತರ ಬರೆದು ಅಳಿಸಿದೆ. ಇನ್ನೊಂದು ಬರೆದು ಅದನ್ನೂ ಅಳಿಸಿದೆ. ಸೋಮವಾರ ಹೇಳುತ್ತೇನೆ ಎಂದು ಕಳಿಸಿದೆ. ಆ ಸೋಮವಾರ ಇನ್ನೂ ಬಂದಿಲ್ಲ.

ಆ ಶುಕ್ರವಾರ ಕಂಪ್ಯೂಟರ್ ಮುಚ್ಚುವ ಮೊದಲು ಖಾಸಗಿ ಕಿಟಕಿಯಲ್ಲಿ ಒಂದು ಸಾಲು ಕಂಡಿತು. ಆರ್ವಲ್ ಕೇಳಿದ್ದರು:

“ಯಾರಿಗೂ ಬೇಜಾರಾಗಿಲ್ಲ ತಾನೆ?”

ಇಲ್ಲ ಎಂದು ಬೆರಳು ತಾನಾಗಿಯೇ ಬರೆಯಲು ಹೊರಟಿತು. ತಡೆದುಕೊಂಡೆ. ಆಗಿದ್ದರೂ ನನಗೆ ಯಾರು ಹೇಳುತ್ತಾರೆ?

“ನನಗೆ ಗೊತ್ತಾದ್ರೆ ಅದೇ ದಿನ ಹೇಳ್ತೀನಿ,” ಎಂದು ಬರೆದೆ.

ಮೂರು ಚುಕ್ಕಿ ಬಂದವು. ಅಷ್ಟು ಸಾಕು ಎಂದರು. ಆಮೇಲೆ, ಕಾರು ಎದ್ದಿತು ಎಂದರು.